ಕೇಳಿದರೆ ಮಾತ್ರ

ನವೆಂಬರ್. ಹಕ್ಕಿಗಳು ಖಾಲಿಮಾಡಿ ಹೋದ ದ್ವೀಪ.
ಕೊಲಂಬಿಯಾ ನದಿ ಕಡಲು ಸೇರುವಲ್ಲಿ
ಮರಳು, ಹಿಕ್ಕೆ, ಒಡೆದ ಮೊಟ್ಟೆಯ ಚಿಪ್ಪು,
ಮಳೆಗೂ ತೊಳೆದುಹೋಗದ ನಾತ.
ಕೈಯಲ್ಲಿ ಉದ್ದದ ಕೋಲು, ತುದಿಗೆ ತಾಮ್ರದ ಸುರುಳಿ,
ಕಿವಿಗೆ ಹೆಡ್‌ಫೋನು.
ಬಿದ್ದುಹೋದ ಮೂಗುತಿ ಹುಡುಕುವವಳಂತೆ
ಹೆಜ್ಜೆಗೊಮ್ಮೆ ನೆಲ ಸವರುತ್ತ ನಡೆಯುತ್ತೇನೆ.

ಪೀಂ.

ಒಂದು ಮೀನು.
ಮೀನಲ್ಲ, ಮೀನಮರಿಯ ಹೊಟ್ಟೆಯಲ್ಲಿದ್ದ ಗಾಜಿನ ಕಾಳು,
ಅಕ್ಕಿಗಿಂತ ತುಸು ದಪ್ಪ.
ಅದಕ್ಕೆ ಬ್ಯಾಟರಿಯಿಲ್ಲ, ತನ್ನದೆಂಬ ದನಿಯಿಲ್ಲ.
ಹತ್ತಿರ ಹೋಗಿ ಕೇಳಿದರೆ ಮಾತ್ರ
ತನ್ನ ನಂಬರು ಹೇಳುತ್ತದೆ.
ಕೇಳದಿದ್ದರೆ ಎಷ್ಟು ವರ್ಷವಾದರೂ ಸುಮ್ಮನೆ,
ನಮ್ಮಜ್ಜನ ಹಾಗೆ.

ಅಜ್ಜ ಬಲೆ ಬಿಟ್ಟ ನೀರೇ ಇದು.
ಒಂದು ಸಂಜೆ ದೋಣಿಯಲ್ಲಿ ಮೊಣಕಾಲುಮಟ್ಟ ಮೀನು,
ಡಬ್ಬಿ ಕಾರ್ಖಾನೆಯ ಹೆಂಗಸರು ಕೈಸೋತು
ಸಾಕು, ಇನ್ನು ತರಬೇಡಿ ಮಾರಾಯರೇ ಎಂದರಂತೆ.
ಅದನ್ನೂ ಯಾರೋ ಕೇಳಿದಾಗ ಹೇಳಿದ್ದು.
ಹೇಳಿ, ಕಾಫಿ ಮುಗಿಸಿ,
ಕಿಟಕಿಯಾಚೆ ನೋಡುತ್ತ ಕೂತ.

ಒಂಬೈನೂರು ಮೈಲಿ ಮೇಲೆ,
ಐಡಹೋದಲ್ಲಿ, ಹಿಮ ಕರಗಿ ತುಂಬುವ ಕೆರೆಯ ಕೆಳಗೆ,
ಲಾವೆರ್ನ್ ಪೋಕಿಬ್ರೊ ಮೇ ತಿಂಗಳಿಡೀ
ಮತ್ತಿನ ನೀರಿನಿಂದ ಒಂದೊಂದೇ ಮರಿ ಎತ್ತಿ
ಸೂಜಿಯಲ್ಲಿ ಈ ಕಾಳು ಇಳಿಸುತ್ತಾಳೆ.
ಬೆರಳುದ್ದದ ಸಾಕೈ ಸಾಲ್ಮನ್,
ಅಂಚೆಗೆ ಹಾಕುವ ಕಾಗದದಷ್ಟು ತೂಕ.
ಷರಾ ಎಂಬಲ್ಲಿ ಬರೆಯಬೇಕಾದ್ದು
ಗಾಯ, ರೋಗ, ಹುರುಪೆ ಉದುರಿದ್ದು.
ಅವಳು ಬರೆಯುವುದು: ಜಗಳಗಂಟಿ.
ಕೈಯಿಂದ ನೆಗೆದು ನನ್ನ ತೋಳೊಳಗೆ ಬಿತ್ತು.
ನಮ್ಮ ಚಿಕ್ಕಮ್ಮನದೇ ಮೂತಿ.
ಆಫೀಸಿನಿಂದ ಎರಡು ಸಲ ತಾಕೀತು ಬಂತು.
ಅವಳು ಹುಡುಗಿಯಾಗಿದ್ದಾಗ, ಒಂದು ವರ್ಷ
ಆ ಕೆರೆಗೆ ಕಡಲಿಂದ ಮರಳಿದ್ದು
ಒಂದೇ ಒಂದು ಮೀನು.
ಹಾಗೆ ಎಣಿಸಿದವರಿಗೆ ಯಾವ ತಾಕೀತು?

ಇಳಿಯುವ ಮರಿ ಮುಂದೆ ನೋಡುವುದಿಲ್ಲ.
ಬಾಲ ಕಡಲಿಗೆ, ಮೂತಿ ಕೆರೆಗೆ,
ಹಿಂದುಹಿಂದಕ್ಕೆ ತೇಲಿಕೊಂಡು
ಹೊರಟ ಬಸ್ಸಿನ ಕೊನೇ ಸೀಟಲ್ಲಿ ತಿರುಗಿ ಕೂತ
ಮಗುವಿನ ಹಾಗೆ.
ದಾರಿಗೆ ಎಂಟು ಅಣೆಕಟ್ಟು.
ಮೊದಲನೆಯದು ಕೇಳುತ್ತದೆ: ಯಾರು?
ಹೇಳುತ್ತದೆ.
ಮೂರನೆಯದು: ಯಾರು?
ಹೇಳುತ್ತದೆ.
ಐದನೆಯದು ಕೇಳುತ್ತದೆ.
ಐದನೆಯದು ಮತ್ತೆ ಕೇಳುತ್ತದೆ.
ಉತ್ತರವಿಲ್ಲ ಅಂದರೆ ಸತ್ತಿತು ಅಂತಲ್ಲ,
ಕೇಳುವವರಿಲ್ಲದ ಬಾಗಿಲಿಂದ ಹೋಗಿರಬಹುದು
ಅನ್ನುತ್ತಾಳೆ ಲಾವೆರ್ನ್.
ಇರಬಹುದು ಅನ್ನುತ್ತೇನೆ ನಾನು.

ಇವತ್ತು ಪೀಂ ಅಂದದ್ದು ಜಗಳಗಂಟಿ.
ರಾತ್ರಿ ಫೋನು ಮಾಡಿದೆ.
ಯಾವ ಹಕ್ಕಿ? ಕೇಳಿದಳು.
ಟರ್ನ್. ಗೂಡಿನ ಗುಳಿಯಲ್ಲೇ ಸಿಕ್ಕಿತು.
ಮರಿ ಇತ್ತಾ?
ಇದ್ದಿರಬೇಕು. ಹಾರಿಹೋಗಿದೆ.
ಅತ್ತ ಕಡೆ ಪುಟ ಮಗುಚುವ ಸದ್ದು,
ಒಲೆಯ ಮೇಲೇನೋ ಸೀಯುವ ಸದ್ದು.
ಎಂಟೂ ದಾಟಿತ್ತಲ್ಲ, ಐನೊ?
ಎಂಟೂ. ಉಪ್ಪುನೀರಿನ ರುಚಿ ನೋಡಿತ್ತು.
ಹಾಗಾದರೆ ಅದನ್ನೇ ಬರಿ.
ಅದಕ್ಕೆ ಕಾಲಂ ಇಲ್ಲ, ಲಾವೆರ್ನ್.
ಷರಾ ಅಂತ ಒಂದಿದೆಯಲ್ಲ,
ಅದು ಯಾತಕ್ಕಿರೋದು?

ಟರ್ನಿನ ಮೇಲೆ ಸಿಟ್ಟು ಮಾಡಲು ನೋಡಿದೆ. ಆಗಲಿಲ್ಲ.
ಅದನ್ನೂ ಯಾರೋ ಎಣಿಸುತ್ತಿದ್ದಾರೆ,
ಅದರ ಕಾಲಿಗೂ ಒಂದು ಬಳೆ.

ಸಾವಿರದ ನೂರು ಬಿಟ್ಟಿದ್ದಳು ಈ ಸಲ.
ಮರಳು ಒಪ್ಪಿಸಿದ್ದು ನಲವತ್ತಮೂರು.
ಉಳಿದವು ಎಲ್ಲಿವೆ ಎಂದು
ಎರಡು ವರ್ಷ ಯಾರೂ ಕೇಳುವ ಹಾಗಿಲ್ಲ.
ಕಡಲಿಗೆ ಬಾಗಿಲಿಲ್ಲ, ಬಾಗಿಲಲ್ಲಿ ಕಾವಲಿಲ್ಲ.

ಮನೆಗೆ ಬಂದು ಬೂಟು ಕಳಚಿ ಮೂಲೆಗೆಸೆದೆ.
ಕೋಲಿನ ಸ್ವಿಚ್ಚು ಆರಿಸಲು ಮರೆತಿದ್ದೆ.

ಪೀಂ.

ಅಟ್ಟೆಯ ಸೀಳಿನಲ್ಲಿ, ಒದ್ದೆ ಮರಳಿನ ಜೊತೆ, ಒಂದು ಕಾಳು.
ಎಷ್ಟು ದಿನದಿಂದ ಹೊತ್ತು ತಿರುಗಿದ್ದೆನೋ,
ಅಂಗಡಿಗೆ, ಚರ್ಚಿಗೆ, ಅಜ್ಜನ ಗೋರಿಗೆ.
ಪುಸ್ತಕ ತೆಗೆದು ನಂಬರು ಬರೆದೆ.
ಕೊನೆಗೆ ಕಂಡದ್ದು: ಎರಡನೆಯ ಕಟ್ಟು.
ಸಿಕ್ಕ ಜಾಗ:
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ನನ್ನ ಎಡಗಾಲು.